ನೆವೆನಾಳ ಮೈಮೇಲಿನ ಕಲೆಗಳು

ನೆವೆನಾ ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವಳು. ನಮ್ಮ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಹೊರದೇಶದ ಅಂಗಡಿಗಳಿಗೆ ಗಂಡಸರ ಪ್ಯಾಂಟು ಹೊಲಿಯುತ್ತೇವೆ. ಅವಳು ಜೇಬು ಕೂರಿಸುತ್ತಿದ್ದಳು, ನಾನು ಸೊಂಟದ ಪಟ್ಟಿ ಹಚ್ಚುತ್ತಿದ್ದೆ. ಮನೆಯೂ ಒಂದೇ ಕಟ್ಟಡದಲ್ಲಿ. ಅವರದು ಸರಿಯಾಗಿ ನನ್ನ ಮನೆಯ ಮೇಲೆ. ಹಾಗಾಗಿ ಅವಳಿಗೆ ಆದದ್ದರಲ್ಲಿ ಬಹುಪಾಲು ನಾನೇ ಕಂಡದ್ದು. ಉಳಿದದ್ದನ್ನು ಅವಳು ಹೇಳಿದ್ದಾಳೆ, ಒಂದಿಷ್ಟನ್ನು ಅವಳ ಗಂಡ ಗೆಂಚೊ ಹೇಳಿದ್ದಾನೆ.

ಗೆಂಚೊ ಬಸ್ ಡ್ರೈವರ್. ಊರಿನ ನಿಲ್ದಾಣದಿಂದ ಬೆಟ್ಟದ ಹಳ್ಳಿಗಳಿಗೆ ಹೋಗಿಬರುವ ಸಣ್ಣ ಬಸ್ಸು ಅವನದು. ಮಾತು ಕಡಿಮೆ. ಮುದುಕಿಯರು ಸಂತೆಯಿಂದ ತಂದ ಕೋಳಿಮರಿಯ ಪೆಟ್ಟಿಗೆಯನ್ನೂ ತಾನೇ ಎತ್ತಿ ಒಳಗಿಡುವವನು. ನೆವೆನಾ ಅವನಿಗಿಂತ ಒಂದು ಹಿಡಿ ಎತ್ತರ, ಸಪೂರ, ಬಾಯಿ ಜೋರು. ಮದುವೆ ಮನೆಗಳಲ್ಲಿ ಹೊರೊ ಕುಣಿತ ಶುರುವಾದರೆ ಸಾಲಿನ ಮುಂದೆ ಕರವಸ್ತ್ರ ಬೀಸುತ್ತ ಹೋಗುವವಳು ಅವಳೇ. ಗೆಂಚೊ ಸಾಲಿನ ಕೊನೆಯಲ್ಲಿ ಹೆಜ್ಜೆ ತಪ್ಪಿಸಿಕೊಂಡು ಹಿಂದೆ ಬರುತ್ತಿದ್ದ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಆ ವಿಷಯವನ್ನು ಅವರಿಬ್ಬರೂ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಮೊದಲು ಬದಲಾದದ್ದು ಅವಳ ಮುಖ. ಕೆನ್ನೆಯ ಎಲುಬು ಕಾಣುವಂಥ ಉದ್ದ ಮುಖ ಅವಳದು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅದು ದುಂಡಗಾಗಿ, ಕೆಂಪೇರಿ, ಬಿಗಿದಂತೆ ಹೊಳೆಯತೊಡಗಿತು. ಊಟದ ಹೊತ್ತಿನಲ್ಲಿ ಹೆಂಗಸರು ತಮಾಷೆ ಮಾಡಿದರು, ಗೆಂಚೊ ಚೆನ್ನಾಗಿ ಸಾಕುತ್ತಿದ್ದಾನೆ ಎಂದರು. ಅವಳೂ ನಕ್ಕಳು. ಆಮೇಲೆ ಹೊಟ್ಟೆ ಮುಂದೆ ಬಂತು, ಕತ್ತಿನ ಹಿಂದೆ ಸಣ್ಣ ಗೂನಿನಂತೆ ಮಾಂಸ ಕಟ್ಟಿತು. ಕೈಕಾಲು ಮಾತ್ರ ದಿನದಿಂದ ದಿನಕ್ಕೆ ಕಡ್ಡಿಯಾಗುತ್ತ ಹೋದವು. ಆದರೆ ಉಬ್ಬಿದ್ದನ್ನು ನೋಡುವವರೇ ಎಲ್ಲ, ಸೊರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಊರಿನ ಡಾಕ್ಟರು ತೂಕ ನೋಡಿದರು, ರಕ್ತದೊತ್ತಡ ನೋಡಿದರು, ಎರಡೂ ಏರಿತ್ತು. ಸಕ್ಕರೆಯೂ ಏರಿತ್ತು. ಮಾತ್ರೆ ಬರೆದುಕೊಟ್ಟು, ಬ್ರೆಡ್ಡು ಬಿಡಿ, ಬೆಣ್ಣೆ ಚೀಸ್ ತುಂಬಿದ ಬಾನಿತ್ಸಾ ಬಿಡಿ, ಸಂಜೆ ನಡೆಯಿರಿ ಅಂದರು. ಅವಳು ಸೌತೆಕಾಯಿ, ಮೊಸರು ತಿಂದುಕೊಂಡು ಒಂದು ಬೇಸಿಗೆ ಕಳೆದಳು. ಹಸಿವು ಮಾತ್ರ ಒಲೆಯ ಮೇಲೆ ಇಟ್ಟ ಖಾಲಿ ಪಾತ್ರೆಯ ಹಾಗೆ ಸುಡುತ್ತಲೇ ಇರುತ್ತಿತ್ತು ಅನ್ನುತ್ತಿದ್ದಳು. ನಿದ್ದೆಯೂ ಹತ್ತುತ್ತಿರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಬಂದಾಗ ಕಣ್ಣು ಉರಿಯುತ್ತಿರುತ್ತಿತ್ತು. ಸಣ್ಣದಕ್ಕೆಲ್ಲ ರೇಗುತ್ತಿದ್ದಳು, ರೇಗಿದ್ದಕ್ಕೆ ಅಳುತ್ತಿದ್ದಳು.

ಒಂದು ಭಾನುವಾರ ತನ್ನ ತವರೂರಿಗೆ ಹೋಗಲೆಂದು ಗಂಡನ ಬಸ್ಸನ್ನೇ ಹತ್ತಿದಳು. ಸೀಟು ಇರಲಿಲ್ಲ. ಮೇಲಿನ ಹಳ್ಳಿಯ ಅಜ್ಜಿಯೊಬ್ಬಳು ಎದ್ದು ನಿಂತು ಅವಳ ತೋಳು ಹಿಡಿದು ಕೂರಿಸಿದಳು.

"ಕೂತ್ಕೊ ಮಗಳೇ. ನಿಂಗೀಗ ಇಬ್ಬರ ಭಾರ" ಅಂದಳು.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕನ್ನಡಿಯಲ್ಲಿ ಗೆಂಚೊನೂ ನೋಡಿದ. ಅವಳಿಗೆ ಕೆಲವು ತಿಂಗಳಿಂದ ಮುಟ್ಟು ನಿಂತಿತ್ತು. ಮೈ ಹೇಗೆಹೇಗೋ ಆಗಿದೆ, ಅದರಿಂದ ಇದೂ ಇರಬಹುದು ಎಂದು ಸುಮ್ಮನಿದ್ದವಳಿಗೆ ಆ ಅಜ್ಜಿಯ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ಔಷಧಿ ಅಂಗಡಿಯಿಂದ ಬಸಿರಿನ ಪರೀಕ್ಷೆಯ ಕಡ್ಡಿ ತಂದಳು. ಅದರಲ್ಲಿ ಒಂದೇ ಗೆರೆ ಬಂತು, ಬಸಿರಿಲ್ಲ. ಎರಡನೆಯ ಕಡ್ಡಿಯಲ್ಲೂ ಒಂದೇ. ಇದನ್ನು ನನಗೆ ಹೇಳುವಾಗ ಅವಳು ಮೆಷಿನ್ ನಿಲ್ಲಿಸಲಿಲ್ಲ. ತಲೆ ತಗ್ಗಿಸಿಕೊಂಡೇ, ಜೇಬಿನ ಮೂಲೆ ತಿರುಗಿಸುತ್ತಲೇ ಹೇಳಿದಳು. ಗೆಂಚೊ ಏನಂದ ಎಂದು ಕೇಳಿದೆ. ಚಹಾ ಮಾಡಿಕೊಟ್ಟ ಎಂದಳು.

ಕಲೆಗಳು ಕಾಣಿಸಿಕೊಂಡದ್ದು ಆ ಬೇಸಿಗೆಯ ಕೊನೆಗೆ. ಮೊದಲು ಮೊಣಕೈ ಹತ್ತಿರ ಒಂದು, ಹಸಿರು ನೀಲಿ ಬಣ್ಣದ್ದು. ಮೆಷಿನ್ನಿನ ಅಂಚಿಗೆ ತಾಗಿತು ಎಂದಳು. ಆಮೇಲೆ ಮಣಿಕಟ್ಟಿನಲ್ಲಿ, ಯಾರೋ ಹಿಡಿದು ತಿರುಚಿದ ಹಾಗೆ. ತರಕಾರಿ ಚೀಲದ ಹಿಡಿಕೆ ಒತ್ತಿತು ಎಂದಳು. ಕತ್ತಿನ ಬುಡದಲ್ಲಿ, ಕಾಲಿನಲ್ಲಿ, ದಿನಕ್ಕೊಂದು ಹೊಸ ಜಾಗದಲ್ಲಿ. ಏನು ತಾಗಿತೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ಮೇಲ್ವಿಚಾರಕಿ ಗಿನ್ಕಾ ಒಂದು ದಿನ ಅವಳನ್ನು ಬಟ್ಟೆಯ ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಗಂಡನಿಂದ ಪೆಟ್ಟು ತಿನ್ನುವ ಹೆಂಗಸರಿಗೆ ಸಹಾಯ ಮಾಡುವವರ ಫೋನ್ ನಂಬರ್ ಕೊಟ್ಟಳು. ನೆವೆನಾ ನಗತೊಡಗಿದಳಂತೆ. ಗೆಂಚೊ ನೊಣಕ್ಕೂ ಕೈ ಎತ್ತುವವನಲ್ಲ ಎಂದಳಂತೆ. ನಗು ನಿಲ್ಲಲಿಲ್ಲ, ಅದೇ ಅಳುವಾಯಿತು. ಗಿನ್ಕಾ ಹೊರಗೆ ಬಂದು ನಮಗೆ ಹೇಳಿದ್ದು ಆ ಅಳುವಿನ ವಿಷಯ ಮಾತ್ರ.

ಮೇಲಿನ ಮನೆಯಲ್ಲಿ ಕುರ್ಚಿ ಎಳೆದರೂ ನನಗೆ ಕೇಳುತ್ತದೆ, ಒಂದು ದಿನವೂ ಜಗಳದ ಸದ್ದು ಕೇಳಿಲ್ಲ ಎಂದು ನಾನು ಎಲ್ಲರ ಎದುರಿಗೇ ಹೇಳಿದೆ.

"ಮೆತ್ತಗಿರೋರು ಮೆತ್ತಗೇ ಹೊಡೀತಾರೆ ಕಣಕ್ಕ" ಅಂದಳು ಗಿನ್ಕಾ. "ಅವಳಂತೂ ಇಲ್ಲ ಅಂತಾಳೆ. ಪೆಟ್ಟು ತಿನ್ನೋರೆಲ್ಲ ಹಾಗೇ ಅನ್ನೋದು."

ಅವಳು ಹೌದೆಂದರೂ ಹೌದು, ಇಲ್ಲವೆಂದರೂ ಹೌದು.

ಮಾತು ಬಸ್ ನಿಲ್ದಾಣಕ್ಕೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ಗೆಂಚೊ ಕಾಫಿ ಕುಡಿಯುವ ಮೇಜಿನಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು. ಬಸ್ಸು ಹತ್ತುವ ಹೆಂಗಸರು ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಹಲಗೆಯ ಮೇಲಿಡತೊಡಗಿದರು. ಒಂದು ಬೆಳಗ್ಗೆ ಬಸ್ಸಿನ ಹಿಂದಿನ ಗಾಜಿನ ಧೂಳಿನಲ್ಲಿ ಯಾರೋ ಒಂದು ಕೆಟ್ಟ ಮಾತು ಗೀಚಿದ್ದರು. ಅವನು ಬಕೆಟ್ಟಿನಲ್ಲಿ ನೀರು ತಂದು ಇಡೀ ಬಸ್ಸನ್ನೇ ತೊಳೆದ. ನೆವೆನಾಗೆ ಹೇಳಲಿಲ್ಲ. ಅವಳು ಮೊದಲೇ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಾಳೆ, ಇದೊಂದು ಯಾಕೆ ಎಂದು.

ಅವಳ ಅಣ್ಣ ಕ್ರಾಸ್ತ್ಯು ತವರೂರಿನಲ್ಲಿ ಮರ ಕೊಯ್ಯುವ ಕಾರ್ಖಾನೆಯಲ್ಲಿ ಇರುವವನು. ದೊಡ್ಡ ಆಳು, ಸಿಟ್ಟು ಮೂಗಿನ ತುದಿಯಲ್ಲಿ. ಮಾತು ಅವನ ಕಿವಿಗೂ ಬಿತ್ತು. ಮರುದಿನವೇ ಊರಿಗೆ ಬಂದವನು ತಂಗಿಯ ಮನೆಗೂ ಹೋಗದೆ ನೇರ ನಿಲ್ದಾಣಕ್ಕೆ ಹೋಗಿ, ಗೆಂಚೊನನ್ನು ಡ್ರೈವರ್ ಸೀಟಿನಿಂದ ಕೆಳಗೆಳೆದು, ಪ್ರಯಾಣಿಕರ ಎದುರಿಗೆ ಮುಖಕ್ಕೆ ಹೊಡೆದ. ಗೆಂಚೊ ಕೈ ಎತ್ತಲಿಲ್ಲ. ಮೂಗಿನಿಂದ ಸುರಿಯುವ ರಕ್ತವನ್ನು ತೋಳಿನಿಂದ ಒರೆಸಿಕೊಂಡು, "ಅವಳನ್ನ ಡಾಕ್ಟರ ಹತ್ರ ಕರಕೊಂಡು ಹೋಗು ಭಾವ, ನನ್ನ ಮಾತು ಅವಳು ಕೇಳ್ತಿಲ್ಲ" ಎಂದನಂತೆ. ಕ್ರಾಸ್ತ್ಯುಗೆ ಅದು ನುಣುಚಿಕೊಳ್ಳುವ ಮಾತಾಗಿ ಕೇಳಿಸಿತು. ಅವತ್ತೇ ತಂಗಿಯನ್ನು ಚೀಲ ಕಟ್ಟಿಸಿ ಹಳ್ಳಿಗೆ ಕರೆದುಕೊಂಡು ಹೋದ. ಅವಳು ಬೇಡವೆಂದು ಕೂಗಾಡಿದಳು. ಆದರೆ ಆ ದಿನಗಳಲ್ಲಿ ಅವಳಿಗೆ ಕೂಗಾಟವನ್ನು ಬಹಳ ಹೊತ್ತು ಮುಂದುವರಿಸುವ ಶಕ್ತಿಯೂ ಇರಲಿಲ್ಲ. ಕೊನೆಗೆ, ಎಲ್ಲಿ ಮಲಗಿದರೇನು, ನಿದ್ದೆ ಬಾರದ ಮೇಲೆ ಎಂದುಕೊಂಡು ಹೋದಳು.

ಅಣ್ಣನ ಮನೆಯಲ್ಲೂ ಕಲೆಗಳು ಬಂದವು. ಅತ್ತಿಗೆ ಅದನ್ನು ಗಮನಿಸಿ ಗಂಡನಿಗೆ ಹೇಳಿದಳು. ಹಳೆಯವೇ ಇರಬೇಕು, ಈಗ ಮೇಲೆ ಕಾಣುತ್ತಿವೆ ಎಂದು ಕ್ರಾಸ್ತ್ಯು ತಳ್ಳಿಹಾಕಿದ. ಆದರೆ ಅವನಿಗೂ ಒಳಗೊಳಗೆ ಏನೋ ಕೊರೆಯುತ್ತಿತ್ತು.

ಅದು ಮೆಣಸಿನಕಾಯಿ ಸುಡುವ ಕಾಲ. ಅಂಗಳದಲ್ಲಿ ಒಲೆ ಹೂಡಿ, ಚಳಿಗಾಲಕ್ಕೆ ಲ್ಯುತೆನಿತ್ಸಾ ಚಟ್ನಿ ಮಾಡಲು ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುತ್ತಿದ್ದರು. ನೆವೆನಾ ಮೂರು ಕಾಲಿನ ಗಿಡ್ಡ ಮಣೆಯ ಮೇಲೆ ಕೂತಿದ್ದಳು. ಮಧ್ಯಾಹ್ನ ಏಳಲು ಹೋದವಳಿಗೆ ಏಳಲಾಗಲಿಲ್ಲ. ತೊಡೆಯಲ್ಲಿ ಬಲವೇ ಇರಲಿಲ್ಲ. ಎರಡು ಸಲ ಮುಂದಕ್ಕೆ ವಾಲಿ ಮತ್ತೆ ಕೂತಳು. ಕ್ರಾಸ್ತ್ಯು ನಗುತ್ತ ಬಂದು, ಚಿಕ್ಕವಳಿದ್ದಾಗ ಎತ್ತುತ್ತಿದ್ದ ಹಾಗೆ ಕಂಕುಳಲ್ಲಿ ಕೈ ಹಾಕಿ ಎತ್ತಿದ. ಅವನ ಅಂಗೈ ಕೆಳಗೆ ಒಣ ರೆಂಬೆ ಮುರಿದಂಥ ಸದ್ದಾಯಿತು. ಅವಳ ಉಸಿರು ಅಲ್ಲೇ ಸಿಕ್ಕಿಕೊಂಡಿತು.

ಜಿಲ್ಲಾ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಪಕ್ಕೆಲುಬು ಮುರಿದಿತ್ತು. ಅಂಗಿ ಬಿಚ್ಚಿದಾಗ ಮೈತುಂಬ ಕಲೆ. ಹೊಸದು, ಹಳೆಯದು, ಹಳದಿಗೆ ತಿರುಗಿದ್ದು. ಆಸ್ಪತ್ರೆಯವರು ಪೊಲೀಸರಿಗೆ ಫೋನ್ ಮಾಡಿದರು. ಬಂದ ಪೊಲೀಸಿನವನು ಅವಳನ್ನು ಕರೆತಂದವರು ಯಾರು ಎಂದು ಕೇಳಿ, ಕ್ರಾಸ್ತ್ಯುವನ್ನು ಒಂದು ಕೋಣೆಯಲ್ಲಿ ಕೂರಿಸಿದ. ಎಲ್ಲಿ ಹಿಡಿದೆ, ಎಷ್ಟು ಬಲವಾಗಿ ಹಿಡಿದೆ, ಕುಡಿದಿದ್ದೆಯಾ, ತಂಗಿಯ ಜೊತೆ ಆಸ್ತಿಯ ಜಗಳವಿದೆಯಾ ಎಂದು ಸಂಜೆಯವರೆಗೂ ಕೇಳಿದ. ಎತ್ತಿದೆ ಅಷ್ಟೇ ಎಂದು ಕ್ರಾಸ್ತ್ಯು ಹೇಳುತ್ತಲೇ ಇದ್ದ. ಎಲ್ಲರೂ ಹಾಗೇ ಅನ್ನುವುದು ಎಂದ ಪೊಲೀಸಿನವನು.

ಗೆಂಚೊ ಬಸ್ಸನ್ನು ಇನ್ನೊಬ್ಬನಿಗೆ ಒಪ್ಪಿಸಿ ಓಡಿಬಂದಾಗ ಕ್ರಾಸ್ತ್ಯು ಹೊರಗಿನ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ.

"ಬರೀ ಎತ್ತಿದೆ ಕಣೋ. ಕಂಕುಳಲ್ಲಿ ಕೈ ಹಾಕಿ ಎತ್ತಿದೆ, ಅಷ್ಟೆ."

"ಗೊತ್ತು ಭಾವ. ಹಾಗೇ ಆಗೋದು" ಅಂದ ಗೆಂಚೊ. ಅವನ ಪಕ್ಕದಲ್ಲೇ ಕೂತ. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ಯಂತ್ರದಿಂದ ಎರಡು ಕಾಫಿ ತಂದ.

ಮರುದಿನ ಬೆಳಗ್ಗೆ ವಾರ್ಡಿಗೆ ಬಂದ ಡಾಕ್ಟರ್ ಸ್ಟಾಯ್ಕೊವಾ ಹಾರ್ಮೋನಿನ ಕಾಯಿಲೆಗಳನ್ನು ನೋಡುವವರು. ನಡುವಯಸ್ಸಿನ ಹೆಂಗಸು, ಅವರ ಮುಖವೂ ನಿದ್ದೆಗೆಟ್ಟದ್ದೇ. ಅವರು ಕಲೆಗಳನ್ನು ಒಮ್ಮೆ ನೋಡಿ ಬಿಟ್ಟರು. ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದರು, ಆಗಲಿಲ್ಲ. ಹೊಟ್ಟೆಯ ಮೇಲಿನ ಬಟ್ಟೆ ಸರಿಸಲು ಹೇಳಿದರು. ಅಲ್ಲಿ ಅಗಲವಾದ ನೇರಳೆ ಗೀಟುಗಳಿದ್ದವು. ನೆವೆನಾ ಅದನ್ನು ಗಂಡನಿಗೂ ತೋರಿಸದೆ ಮುಚ್ಚಿಟ್ಟಿದ್ದಳು, ದಪ್ಪಗಾದದ್ದರ ನಾಚಿಕೆಯಿಂದ. ಹಳೆಯ ಫೋಟೋ ಇದೆಯಾ ಎಂದು ಡಾಕ್ಟರು ಕೇಳಿದರು. ಗೆಂಚೊ ಫೋನಿನಲ್ಲಿದ್ದ ಒಂದು ಮದುವೆಯ ಚಿತ್ರ ತೋರಿಸಿದ. ಅವರು ಫೋಟೋವನ್ನೂ ಅವಳನ್ನೂ ಬಹಳ ಹೊತ್ತು ನೋಡಿದರು.

ಒಂದಿಡೀ ದಿನದ ಮೂತ್ರವನ್ನು ಡಬ್ಬದಲ್ಲಿ ಹಿಡಿಸಿದರು. ಮಲಗುವಾಗ ಒಂದು ಮಾತ್ರೆ ಕೊಟ್ಟು ಬೆಳಗ್ಗೆ ರಕ್ತ ತೆಗೆದರು. ಸ್ಕ್ಯಾನ್ ಮಾಡಿಸಿದರು. ಎಲ್ಲ ಬಂದ ಮೇಲೆ ಮೂವರನ್ನೂ ಕೂರಿಸಿಕೊಂಡು ಹೇಳಿದರು:

"ಮೂತ್ರಪಿಂಡದ ತಲೆ ಮೇಲೆ ಟೋಪಿ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತೆ. ಅದರಿಂದ ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ಬರುತ್ತೆ. ಬೆಳಗ್ಗೆ ನಮ್ಮನ್ನ ಎಬ್ಬಿಸೋದು ಅದೇ, ಕಷ್ಟ ಬಂದಾಗ ನಿಲ್ಲಿಸೋದೂ ಅದೇ. ಕಾಡಲ್ಲಿ ಕರಡಿ ಎದುರಾಯ್ತು ಅಂದ್ಕೊಳ್ಳಿ. ಓಡೋಕೆ ಸಕ್ಕರೆ ಬೇಕು, ಅದನ್ನ ರಕ್ತಕ್ಕೆ ತಂದು ಸುರಿಯುತ್ತೆ. ಕರಡಿ ಹೋದ ಮೇಲೆ ತಾನೂ ಇಳಿಯುತ್ತೆ. ನಿಮಗೆ ಇಳೀತಾ ಇಲ್ಲ. ಎಡಗಡೆ ಗ್ರಂಥಿಯಲ್ಲಿ ಚೆರ್ರಿ ಹಣ್ಣಿನಷ್ಟು ಒಂದು ಗಡ್ಡೆ ಕೂತು ಹಗಲೂ ರಾತ್ರಿ ಅದನ್ನೇ ಸುರೀತಾ ಇದೆ. ನಿಮ್ಮ ಮೈ ಒಂದು ವರ್ಷದಿಂದ ಕರಡಿ ಮುಂದೆ ಓಡ್ತಾನೇ ಇದೆ, ನೆವೆನಾ. ಓಡೋಕೆ ಬೇಕಾದ್ದನ್ನ ಮಾಂಸಖಂಡದಿಂದ, ಎಲುಬಿಂದ, ಚರ್ಮದಿಂದ ಕಿತ್ತುಕೊಳ್ತಾ ಇದೆ. ಅದಕ್ಕೇ ಎಲುಬು ಮುರಿದದ್ದು, ಮುಟ್ಟಿದರೆ ಕಲೆ ಆಗೋದು, ಮುಟ್ಟು ನಿಂತದ್ದು. ಇದರಲ್ಲಿ ನೀವು ತಿಂದದ್ದರ ತಪ್ಪೂ ಇಲ್ಲ, ಯಾರೋ ಹಿಡಿದದ್ದರ ತಪ್ಪೂ ಇಲ್ಲ."

ನೆವೆನಾ ಒಂದೇ ಪ್ರಶ್ನೆ ಕೇಳಿದಳಂತೆ, ಅದನ್ನು ತೆಗೆದರೆ ನಿದ್ದೆ ಬರುತ್ತದಾ ಎಂದು. ಬರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ ಎಂದರು ಡಾಕ್ಟರು. ಆಗ ಆ ಮಾತಿನ ಅರ್ಥ ಯಾರಿಗೂ ಆಗಲಿಲ್ಲ.

ರಾಜಧಾನಿ ಸೋಫಿಯಾದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಗಡ್ಡೆಯ ಜೊತೆ ಎಡಗಡೆಯ ಗ್ರಂಥಿಯನ್ನೂ ತೆಗೆದರು. ಗಡ್ಡೆ ಕೆಟ್ಟದ್ದಲ್ಲ ಎಂದೂ ಗೊತ್ತಾಯಿತು. ಸುದ್ದಿ ನಮ್ಮ ಕಾರ್ಖಾನೆಗೆ ಬಂದ ದಿನ ಹೆಂಗಸರೆಲ್ಲ, ಗೆಂಚೊ ಅಂಥವನಲ್ಲ ಎಂದು ನಮಗೆ ಮೊದಲೇ ಅನ್ನಿಸಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗಿನ್ಕಾ ಒಂದು ಕೇಕು ಮಾಡಿ ಕಳಿಸಿದಳು. ನಿಲ್ದಾಣದಲ್ಲಿ ಜನ ಅವನ ಬೆನ್ನು ತಟ್ಟಿದರು. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ. ಕ್ರಾಸ್ತ್ಯು ಕೂಡ ಬಾಯಿಬಿಟ್ಟು ಹೇಳಲಿಲ್ಲ. ವಾರ ವಾರ ಹಳ್ಳಿಯಿಂದ ಮೊಟ್ಟೆಯೋ ಸೌದೆಯೋ ತಂದು ಇಳಿಸಿ, ಎರಡು ಮಾತಾಡಿ, ನೆಲ ನೋಡಿಕೊಂಡು ಹೋಗುತ್ತಿದ್ದ.

ನಾವೆಲ್ಲ ಅವಳು ಚಿಗುರಿಕೊಂಡು ಬರುತ್ತಾಳೆ ಎಂದುಕೊಂಡಿದ್ದೆವು. ಆದದ್ದು ಬೇರೆ. ಎಡಗಡೆಯ ಗ್ರಂಥಿ ಅಷ್ಟು ಕಾಲ ತಾನೊಂದೇ ದುಡಿದಿದ್ದರಿಂದ ಬಲಗಡೆಯದು ಕೆಲಸ ಮರೆತು ಮಲಗಿಬಿಟ್ಟಿತ್ತು. ಅದು ಎಚ್ಚರಾಗುವವರೆಗೆ ಅದೇ ಹಾರ್ಮೋನನ್ನು ಮಾತ್ರೆಯಲ್ಲಿ ನುಂಗಬೇಕು, ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ಒಂದು ದಿನವೂ ಬಿಡಬಾರದು. ಮೈಯಂತೂ ಆ ಕೆಟ್ಟ ಹೊಳೆಗೆ ಒಗ್ಗಿಹೋಗಿತ್ತು. ಈಗ ಬರುವ ತಂಬಿಗೆ ನೀರು ಅದಕ್ಕೆ ಸಾಲುತ್ತಿರಲಿಲ್ಲ. ಕೀಲು ಕೀಲೂ ನೋವು. ಅಂಗೈ ಸಿಪ್ಪೆ ಸುಲಿಯಿತು, ಕೂದಲು ಉದುರಿತು. ಬೆಳಗ್ಗೆ ಹಲ್ಲುಜ್ಜಿ ಬಂದರೆ ಮತ್ತೆ ಮಲಗಬೇಕು. ಬಾಚಣಿಗೆ ಎತ್ತಿದರೆ ತೋಳು ಅರ್ಧಕ್ಕೇ ಇಳಿದುಹೋಗುತ್ತಿತ್ತು.

ನೋಡಲು ಬಂದವರು, ಸಣ್ಣಗಾಗಿದ್ದೀಯ, ಅದೃಷ್ಟ ಮಾಡಿದ್ದೆ ಎನ್ನುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು. ಅವರು ಹೋದ ಮೇಲೆ ಒಂದು ದಿನ ನನಗೆ ಹೇಳಿದಳು:

"ಅಕ್ಕ, ಕಾಯಿಲೆ ಇದ್ದಾಗ ರೇಗೋಕಾದರೂ ಆಗ್ತಿತ್ತು. ಈಗ ಅಳೋಕೂ ಸುಸ್ತು. ಇದನ್ನೇ ಗುಣ ಆಗೋದು ಅಂತಾರಾ?"

ನಾನು ಅವಳ ಕಾಲಿಗೆ ಹೊದಿಕೆ ಎಳೆದೆ.

ಗೆಂಚೊ ಬೆಳಗಿನ ಬಸ್ಸು ಮುಗಿಸಿ ಬಂದು ಹುರುಳಿಕಾಯಿ ಬೀಜದ ಸೂಪು ಮಾಡುತ್ತಿದ್ದ, ಅವಳ ತಲೆ ತೊಳೆಯುತ್ತಿದ್ದ, ಮಧ್ಯಾಹ್ನದ ಬಸ್ಸಿಗೆ ಓಡುತ್ತಿದ್ದ. ಅವನೂ ಬತ್ತಿಹೋಗಿದ್ದ. ಆದರೆ ಒಂದನ್ನು ನಾನು ನೋಡಿದ್ದೆ. ಅವಳನ್ನು ಎಬ್ಬಿಸುವಾಗ ಅವನು ಕೈ ಹಿಡಿಯುತ್ತಿರಲಿಲ್ಲ, ಅಂಗಿಯ ತೋಳನ್ನು ಹಿಡಿಯುತ್ತಿದ್ದ. ಮೆಟ್ಟಿಲಿಳಿಯುವಾಗ ತನ್ನ ಭುಜ ಕೊಟ್ಟು, ನೀನೇ ಹಿಡಿದುಕೋ ಎನ್ನುತ್ತಿದ್ದ. ನೆವೆನಾಗೆ ಅದು ಸಹಿಸುತ್ತಿರಲಿಲ್ಲ. ನಾನೇನು ಮೊಟ್ಟೆಯಾ ಎಂದು ಒಮ್ಮೆ ನನ್ನೆದುರಿಗೇ ಕೇಳಿದಳು. ಅವನು ಒಲೆಯ ಕಡೆ ತಿರುಗಿದ.

ಆಪರೇಷನ್ನಿನ ಮೇಲೆ ಜಿಲ್ಲಾ ಆಸ್ಪತ್ರೆಗೆ ತೋರಿಸಲು ಹೋದಾಗ ಒಂದು ಇಂಜೆಕ್ಷನ್ ಪೊಟ್ಟಣ ಕೊಟ್ಟಿದ್ದರು. ಜ್ವರ ಬಂದರೆ ಮಾತ್ರೆ ಹೆಚ್ಚಿಸಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬಾರದು, ಇದನ್ನು ತೊಡೆಗೆ ಚುಚ್ಚಿ ಆಂಬುಲೆನ್ಸ್ ಕರೆಯಬೇಕು ಎಂದು ಡಾಕ್ಟರ್ ಸ್ಟಾಯ್ಕೊವಾ ಬಿಡಿಸಿ ಹೇಳಿದ್ದರು. ನರ್ಸು ಕಿತ್ತಳೆ ಹಣ್ಣಿನ ಮೇಲೆ ಚುಚ್ಚುವುದನ್ನು ಕಲಿಸಿದ್ದಳು. ಗೆಂಚೊ ಕಿತ್ತಳೆಗೆ ಚೆನ್ನಾಗಿಯೇ ಚುಚ್ಚಿದ್ದ.

ಕ್ರಿಸ್ಮಸ್ ಹತ್ತಿರ ಬಂದಾಗ ಕ್ರಾಸ್ತ್ಯು ಮನೆಯಲ್ಲಿ ಕಡಿದ ಹಂದಿಯ ಮಾಂಸ ತಂದ. ಅವನು ಬಂದ ಸಂಜೆಯೇ ಹಿಮ ಬೀಳತೊಡಗಿ ರಸ್ತೆ ಮುಚ್ಚಿತು. ಬಸ್ಸೂ ನಿಂತಿತು. ಹಾಗಾಗಿ ಅವನು ಅಲ್ಲೇ ಉಳಿದ. ಬೆಳಗ್ಗೆ ನೆವೆನಾಗೆ ವಾಂತಿ ಶುರುವಾಯಿತು. ಊರಿನಲ್ಲೆಲ್ಲ ಹೊಟ್ಟೆಯ ಜ್ವರ ಹರಡಿತ್ತು, ಅದೇ ಅವಳಿಗೂ ತಗುಲಿರಬೇಕು. ಮಾತ್ರೆ ನುಂಗಿದಳು, ಕಕ್ಕಿದಳು. ಮತ್ತೊಂದು ನುಂಗಿದಳು, ಅದೂ ನಿಲ್ಲಲಿಲ್ಲ. ಗೆಂಚೊ ಬಂದು ನನ್ನ ಬಾಗಿಲು ತಟ್ಟಿದಾಗ ನಾನು ಕಾಫಿಗೆ ನೀರಿಟ್ಟಿದ್ದೆ. ಹಾಗೇ ಬಿಟ್ಟು ಮೇಲೆ ಹೋದೆ.

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಖ ಬೂದಿಯ ಬಣ್ಣ, ಹಣೆಯಲ್ಲಿ ತಣ್ಣನೆಯ ಬೆವರು. ಮಾತಾಡಿಸಿದರೆ ಏನೋ ಗೊಣಗಿದಳು. ಜೇಬಿನ ಅಳತೆಯ ವಿಷಯ. ಆಂಬುಲೆನ್ಸಿನವರು ಹಿಮ ತಳ್ಳುವ ಗಾಡಿ ಮುಂದೆ ಬರಬೇಕು, ತಡವಾಗುತ್ತದೆ, ಇಂಜೆಕ್ಷನ್ ಇದ್ದರೆ ಈಗಲೇ ಕೊಡಿ ಎಂದರು. ಗೆಂಚೊ ಪೊಟ್ಟಣ ಬಿಚ್ಚಿದ. ಪುಡಿಯ ಸೀಸೆಗೆ ನೀರು ಬೆರೆಸಿ, ಅಲುಗಾಡಿಸಿ, ಸಿರಿಂಜಿಗೆ ಎಳೆದ. ಎಲ್ಲವನ್ನೂ ಸರಿಯಾಗಿ ಮಾಡಿದ. ಅವಳ ತೊಡೆಯ ಮೇಲಿನ ಬಟ್ಟೆ ಸರಿಸಿದ ಮೇಲೆ ಕೈ ನಿಂತುಬಿಟ್ಟಿತು.

"ನೀನು ಮಾಡು ಭಾವ" ಅಂದ.

ಕ್ರಾಸ್ತ್ಯು ಗೋಡೆಗೆ ಒರಗಿದ. "ನನ್ನ ಕೈಯಲ್ಲಿ ಒಂದು ಸಲ ಎಲುಬು ಮುರಿದಿದೆ. ನನಗೆ ಹೇಳಬೇಡ."

"ನಂಗಾಗಲ್ಲ" ಅಂದ ಗೆಂಚೊ. ಧ್ವನಿ ಏರಲಿಲ್ಲ, ಬಹಳ ದಣಿದವನು ಮಾತಾಡುವ ಹಾಗೆ ಹೇಳಿದ. "ಅವಳ ಮೈಮೇಲೆ ಒಂದು ಕಲೆ ಬಿದ್ದರೂ ಈ ಊರು ನನ್ನ ಮುಖ ನೋಡುತ್ತೆ. ಇಷ್ಟು ತಿಂಗಳಿಂದ ಅವಳ ಬೆರಳನ್ನೂ ಗಟ್ಟಿಯಾಗಿ ಹಿಡಿದಿಲ್ಲ ನಾನು."

ಕ್ರಾಸ್ತ್ಯು ಬಂದು ಮಂಚದ ಪಕ್ಕ ಮಂಡಿಯೂರಿ ಕೂತು, ತಂಗಿಯ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಿಡಿದಿದ್ದೀನಿ. ಕಲೆ ಆದರೆ ನಂದೂ ಇರಲಿ. ಚುಚ್ಚು."

ಆಗ ನೆವೆನಾ ಕಣ್ಣು ತೆರೆಯದೆಯೇ ಹೇಳಿದಳು: "ಬೇಗ ಮಾಡೋ ಗೆಂಚೊ. ಚಳಿ ಆಗ್ತಿದೆ."

ಅವನು ಚುಚ್ಚಿದ. ಸೂಜಿ ಒಳಗೆ ಹೋದದ್ದು, ಔಷಧಿ ನಿಧಾನವಾಗಿ ಇಳಿದದ್ದು ನೋಡಿದೆ. ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದ, ಬಹಳ ಹೊತ್ತು, ಗಟ್ಟಿಯಾಗಿ. ಹೀಗೇ ಹಿಡಿಯಲಾ ಎಂದು ನನ್ನನ್ನು ಕೇಳಿದ. ಹೂಂ ಎಂದೆ. ಕೆಳಗೆ ಯಾರೋ ಮೆಟ್ಟಿಲಿನ ಹಿಮ ಕೆರೆಯುತ್ತಿದ್ದರು. ಹೊತ್ತು ಕಳೆದ ಹಾಗೆ ಅವಳ ತುಟಿಗೆ ಬಣ್ಣ ಬಂತು. ನೀರು ಕೇಳಿದಳು. ಅಣ್ಣ ಯಾಕೆ ನೆಲದ ಮೇಲೆ ಕೂತಿದ್ದಾನೆ ಎಂದು ಕೇಳಿದಳು.

ಆಂಬುಲೆನ್ಸ್ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಕರೆದುಕೊಂಡು ಹೋಗಿ ಸಲೈನು ಹಾಕಿ, ಹಬ್ಬಕ್ಕೆ ಮುಂಚೆ ಕಳಿಸಿದರು. ಇಂಜೆಕ್ಷನ್ ಆಗಿರದಿದ್ದರೆ ದಾರಿಯಲ್ಲೇ ಏನಾದರೂ ಆಗುತ್ತಿತ್ತು ಎಂದರಂತೆ. ತೊಡೆಯ ಮೇಲೆ ಅಂಗೈಯಗಲ ಕಲೆಯಾಗಿತ್ತು. ಅದನ್ನು ಅವಳು ನನಗೆ ತೋರಿಸಿದಳು, ನಗಲಿಲ್ಲ, ಸುಮ್ಮನೆ ತೋರಿಸಿದಳು. ಆ ದಿನದಿಂದ ಗೆಂಚೊ ಅವಳ ಕೈ ಹಿಡಿದು ಎಬ್ಬಿಸತೊಡಗಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿಧಾನವಾಗಿ ಆಯಿತು. ಒಂದು ದಿನ ಕೈ, ಒಂದು ದಿನ ಮತ್ತೆ ಅಂಗಿಯ ತೋಳು.

ಹಿಮ ಕರಗುವ ಹೊತ್ತಿಗೆ ಬೆಳಗಿನ ರಕ್ತಪರೀಕ್ಷೆಯಲ್ಲಿ ಮಲಗಿದ್ದ ಗ್ರಂಥಿ ಎಚ್ಚರಾಗುತ್ತಿರುವ ಸೂಚನೆ ಸಿಕ್ಕಿತು. ಮಾತ್ರೆ ಇನ್ನಷ್ಟು ಇಳಿಸಿದರು. ಮುಖ ಮತ್ತೆ ಉದ್ದವಾಯಿತು. ಹಳೆಯ ಮುಖವಲ್ಲ, ಅದರ ಅಕ್ಕನ ಮುಖ ಇದ್ದ ಹಾಗೆ. ಮುಟ್ಟು ಮರಳಿ ಬಂತು. ಮಕ್ಕಳ ಮಾತನ್ನು ಡಾಕ್ಟರೇ ಎತ್ತಿದಾಗ, ಎಲುಬು ಗಟ್ಟಿಯಾಗಲಿ, ಮೊದಲು ನಾನು ಒಂದು ದಿನ ಪೂರ್ತಿ ಎದ್ದಿರುವುದು ಕಲಿಯುತ್ತೇನೆ ಎಂದಳಂತೆ. ಅರ್ಧ ದಿನದ ಕೆಲಸಕ್ಕೆ ನನ್ನ ಪಕ್ಕದ ಮೆಷಿನ್ನಿಗೆ ಮರಳಿದಳು. ಗಿನ್ಕಾ ಅವಳಿಗೆ ಎತ್ತರದ ಕುರ್ಚಿ ಹಾಕಿಸಿಕೊಟ್ಟಳು.

ಮೇ ತಿಂಗಳಲ್ಲಿ ಕ್ರಾಸ್ತ್ಯುವಿನ ಹೊಲದಲ್ಲಿ ಸಸಿ ನೆಡಲು ನಾನೂ ಅವರ ಜೊತೆ ಹೋಗಿದ್ದೆ. ನೆವೆನಾ ಒಂದು ಸಾಲು ಮುಗಿಸಿ, ಎರಡನೆಯದರ ನಡುವೆ ನಿಂತು, ಬದುವಿನ ಮೇಲೆ ಹೋಗಿ ಕೂತಳು. ಗೆಂಚೊ ತನ್ನ ಸಾಲು ಬಿಟ್ಟು ಅವಳದನ್ನು ಹಿಡಿದ. ಸ್ವಲ್ಪ ಹೊತ್ತಿನಲ್ಲಿ ಅವನೂ ಬೆನ್ನು ನೆಟ್ಟಗೆ ಮಾಡಿ ನಿಂತುಬಿಟ್ಟ. ನಾನು ನೀರು ಕೊಡಲು ಹೋದವಳು ಮೆಲ್ಲಗೆ ಕೇಳಿದೆ, ಊರಿನವರ ಮೇಲೆ ಇನ್ನೂ ಸಿಟ್ಟಿದೆಯಾ ಎಂದು. ಅವನು ನೀರು ಕುಡಿದು, ಲೋಟ ಕೊಡವಿ ಕೊಟ್ಟ.

"ಸಿಟ್ಟು ಮಾಡ್ಕೊಳ್ಳೋಕೂ ಮೈಯಲ್ಲಿ ಶಕ್ತಿ ಬೇಕಲ್ಲಕ್ಕ" ಅಂದ.

ಆ ತುದಿಯಿಂದ ಕ್ರಾಸ್ತ್ಯು ಬಂದು ಅವನ ಕೈಯಿಂದ ಸಸಿಯ ಬುಟ್ಟಿ ತೆಗೆದುಕೊಂಡ. ಉಳಿದ ಸಾಲು ನಾನು ನೆಡುತ್ತೇನೆ, ನೀವಿಬ್ಬರೂ ಮನೆಗೆ ಹೋಗಿ ಮಲಗಿ ಎಂದ. ಗೆಂಚೊ ಬೇಡವೆನ್ನಲಿಲ್ಲ. ಬದುವಿನ ಹತ್ತಿರ ಹೋಗಿ ಕೈ ಚಾಚಿದ. ನೆವೆನಾ ಅದನ್ನು ಹಿಡಿದು ಎದ್ದಳು, ಇಬ್ಬರೂ ನಿಧಾನವಾಗಿ ಮನೆಯ ಕಡೆ ನಡೆದರು.